ಕ್ಯಾಲಿಫೋರ್ನಿಯಾದಲ್ಲಿ ಟ್ರಾಫಿಕ್ ಟಿಕೆಟ್ ಸಿಕ್ಕಿದೆಯಾ? ಟ್ರಾಫಿಕ್ ಸ್ಕೂಲ್ ಮಾಡಿ ಪಾಯಿಂಟ್ ತಪ್ಪಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಟಿಕೆಟ್ ಸಿಕ್ಕ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ದಂಡ ಕಟ್ಟಿ ಕೈತೊಳೆದುಕೊಳ್ಳೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಸುಮ್ನೆ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಕೋರ್ಟ್ ಅದನ್ನು ಡಿಎಂವಿಗೆ (ಲೈಸೆನ್ಸ್, ರಿಜಿಸ್ಟ್ರೇಷನ್ ನೋಡಿಕೊಳ್ಳುವ ರಾಜ್ಯದ ಇಲಾಖೆ) ತಿಳಿಸುತ್ತದೆ, ನಿಮ್ಮ ಡ್ರೈವಿಂಗ್ ರೆಕಾರ್ಡಿಗೆ ಒಂದು ಪಾಯಿಂಟ್ ಬೀಳುತ್ತದೆ, ಮುಂದಿನ ಮೂರು ವರ್ಷ ಇನ್ಶೂರೆನ್ಸ್ ಕಂಪನಿಯ ಕಣ್ಣಿಗೆ ಅದು ಕಾಣುತ್ತಲೇ ಇರುತ್ತದೆ. ಅದೇ ದಂಡ ಕಟ್ಟುವಾಗ ಟ್ರಾಫಿಕ್ ಸ್ಕೂಲ್, ಅಂದರೆ ರಸ್ತೆ ನಿಯಮ ಕಲಿಸುವ ಸಣ್ಣ ಕೋರ್ಸ್, ಬೇಕು ಎಂದು ಕೇಳಿಕೊಂಡು, ಹೇಳಿದ ದಿನದೊಳಗೆ ಕೋರ್ಸ್ ಮುಗಿಸಿದರೆ ಆ ಪಾಯಿಂಟ್ ಬೀಳುವುದಿಲ್ಲ. ಎರಡಕ್ಕೂ ವ್ಯತ್ಯಾಸ ಇಷ್ಟೇ: ಯಾವುದನ್ನು ಮೊದಲು ಮಾಡಿದಿರಿ, ಯಾವುದನ್ನು ಆಮೇಲೆ ಮಾಡಿದಿರಿ ಅನ್ನುವುದು. ಒಂದು ಸಲ ದಂಡ ಕಟ್ಟಿ ಕೇಸು ಮುಚ್ಚಿದ ಮೇಲೆ ಅದನ್ನು ತೆರೆಸುವುದು ಬಹಳ ಕಷ್ಟ.

ಊರಿನಿಂದ ಹೊಸದಾಗಿ ಬಂದವರಿಗೆ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಬಾಕಿ ದಂಡಕ್ಕೆ ಸರ್ಕಾರ ಶೇಕಡಾ 50 ರಿಯಾಯಿತಿ ಕೊಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. 2023ರಲ್ಲಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಹಾಗಾಗಿ ಕಾದು ನೋಡೋಣ ಅನ್ನುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಕಾದರೆ ದಂಡ ಬೆಳೆಯುತ್ತದೆ. ಟಿಕೆಟ್ಟಿನಲ್ಲಿರುವ ತಾರೀಖು ದಾಟಿದರೆ ಕೋರ್ಟ್ ಇನ್ನೂ 100 ಡಾಲರ್‌ವರೆಗೆ ಸೇರಿಸಬಹುದು. ಕೋರ್ಟಿಗೆ ಉತ್ತರ ಕೊಡದೇ ಹೋದದ್ದೇ ಬೇರೆ ಅಪರಾಧವಾಗುತ್ತದೆ, ಟ್ರಾಫಿಕ್ ಸ್ಕೂಲಿನ ಅವಕಾಶವೂ ಕೈತಪ್ಪಬಹುದು.

ಪಾಯಿಂಟ್‌ಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು

ವೇಗ ಮೀರುವುದು, ಸ್ಟಾಪ್ ಸೈನ್‌ನಲ್ಲಿ ನಿಲ್ಲಿಸದೇ ಹೋಗುವುದು, ಕೆಂಪು ದೀಪ ದಾಟುವುದು, ಇಂಥ ಸಾಮಾನ್ಯ ತಪ್ಪಿಗೆ ಒಂದು ಪಾಯಿಂಟ್. ಕುಡಿದು ಓಡಿಸುವುದು, ಗುದ್ದಿ ಓಡಿಹೋಗುವುದು, ಗಂಟೆಗೆ 100 ಮೈಲಿಗಿಂತ ಜಾಸ್ತಿ ಓಡಿಸುವುದು, ಇವಕ್ಕೆ ಎರಡು. 12 ತಿಂಗಳಲ್ಲಿ 4, ಇಲ್ಲವೇ 24 ತಿಂಗಳಲ್ಲಿ 6, ಇಲ್ಲವೇ 36 ತಿಂಗಳಲ್ಲಿ 8 ಪಾಯಿಂಟ್ ಆದರೆ ಡಿಎಂವಿ ನಿಮ್ಮನ್ನು ಅಜಾಗರೂಕ ಚಾಲಕ ಎಂದು ಪರಿಗಣಿಸಿ ಲೈಸೆನ್ಸ್ ಅಮಾನತು ಮಾಡುವ ದಾರಿ ಹಿಡಿಯುತ್ತದೆ. ಅದಕ್ಕೂ ಮೊದಲೇ, 12 ತಿಂಗಳಲ್ಲಿ 2 ಪಾಯಿಂಟ್ ಆದಾಗಲೇ, ಎಚ್ಚರಿಕೆಯ ಕಾಗದ ಮನೆಗೆ ಬರುತ್ತದೆ.

ಆದರೆ ಹೆಚ್ಚಿನವರಿಗೆ ಹೊಡೆತ ಬೀಳುವುದು ಲೈಸೆನ್ಸ್ ಮೇಲಲ್ಲ, ಇನ್ಶೂರೆನ್ಸ್ ಮೇಲೆ. 1988ರಲ್ಲಿ ಇಲ್ಲಿನ ಜನ ಮತ ಹಾಕಿ ಪ್ರಪೊಸಿಷನ್ 103 ಎಂಬ ಕಾನೂನು ತಂದರು. ಅದರ ಪ್ರಕಾರ ಒಳ್ಳೆಯ ಚಾಲಕರಿಗೆ ಕಂಪನಿಗಳು ಕನಿಷ್ಠ ಶೇಕಡಾ 20 ರಿಯಾಯಿತಿ ಕೊಡಲೇಬೇಕು. ಲೈಸೆನ್ಸ್ ಪಡೆದು ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಪಾಯಿಂಟ್ ಇರಬಾರದು. ಅಂದರೆ ಮೊದಲ ಪಾಯಿಂಟ್‌ಗೆ ಈ ರಿಯಾಯಿತಿ ಹೋಗುವುದಿಲ್ಲ. ಆದರೂ ಪ್ರೀಮಿಯಂ ಏರಬಹುದು, ಯಾಕೆಂದರೆ ಡ್ರೈವಿಂಗ್ ರೆಕಾರ್ಡ್ ನೋಡಿಯೇ ಬೆಲೆ ಕಟ್ಟುತ್ತಾರೆ. ಎರಡನೇ ಪಾಯಿಂಟ್ ಬಿದ್ದರೆ ರಿಯಾಯಿತಿಯೇ ಹೋಗುತ್ತದೆ. ಮನೆಯಲ್ಲಿ ಎರಡು ಕಾರು, ಡ್ರೈವಿಂಗ್ ಕಲಿಯುತ್ತಿರುವ ಮಕ್ಕಳು ಇದ್ದರಂತೂ ಇದು ಸಣ್ಣ ಮೊತ್ತವಲ್ಲ.

ಟ್ರಾಫಿಕ್ ಸ್ಕೂಲ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಟ್ರಾಫಿಕ್ ಸ್ಕೂಲ್ ಮಾಡಿದರೆ ಟಿಕೆಟ್ಟೇ ರದ್ದಾಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಹಿಂದೆ ಹಾಗೆ ಇತ್ತು. 2011ರ ಜುಲೈ 1ರಿಂದ ನಿಯಮ ಬದಲಾಗಿದೆ. ಈಗ ತಪ್ಪು ಮಾಡಿದ್ದು ದಾಖಲೆಯಲ್ಲಿ ಉಳಿಯುತ್ತದೆ, ಆದರೆ ಡಿಎಂವಿ ಅದನ್ನು ಗುಟ್ಟಾಗಿ ಇಡುತ್ತದೆ. ಇನ್ಶೂರೆನ್ಸ್ ಕಂಪನಿ ನಿಮ್ಮ ರೆಕಾರ್ಡ್ ತರಿಸಿದರೆ ಅದರಲ್ಲಿ ಕಾಣುವುದಿಲ್ಲ, ಪಾಯಿಂಟ್ ಲೆಕ್ಕಕ್ಕೂ ಬರುವುದಿಲ್ಲ. ನಮಗೆ ಬೇಕಾದದ್ದು ಅದೇ.

ದಂಡ ಮಾತ್ರ ಒಂದು ಪೈಸೆಯೂ ಕಮ್ಮಿ ಆಗುವುದಿಲ್ಲ. ಪೂರ್ತಿ ದಂಡ ಕಟ್ಟಬೇಕು, ಅದರ ಮೇಲೆ ಟ್ರಾಫಿಕ್ ಸ್ಕೂಲಿಗೆ ಅನುಮತಿ ಕೊಡಲು ಕೋರ್ಟಿಗೆ ಬೇರೆ ಶುಲ್ಕ, ಆಮೇಲೆ ಸ್ಕೂಲಿನ ಫೀಸು. ಮೂರು ಕಡೆ ಖರ್ಚು ಎಂದು ಮೊದಲೇ ಗೊತ್ತಿದ್ದರೆ ಆಮೇಲೆ ಬೇಜಾರಾಗುವುದಿಲ್ಲ.

ಇನ್ನೊಂದು ವಿಷಯ. ಅಪಘಾತ ಆಗಿ, ಆ ಕಾರಣಕ್ಕೆ ಟಿಕೆಟ್ ಸಿಕ್ಕಿದ್ದರೆ, ಟ್ರಾಫಿಕ್ ಸ್ಕೂಲ್ ಟಿಕೆಟ್ಟನ್ನು ಮರೆಮಾಡಬಹುದು, ಅಪಘಾತವನ್ನಲ್ಲ. ಕ್ಲೇಮ್ ಹಾಕಿದ ಮೇಲೆ ಇನ್ಶೂರೆನ್ಸ್ ಕಂಪನಿಗೆ ಅದು ಗೊತ್ತೇ ಇರುತ್ತದೆ.

ಹಂತ 1: ರಸ್ತೆ ಬದಿಯಲ್ಲಿ

ಹಿಂದೆ ಕೆಂಪು ನೀಲಿ ದೀಪ ಕಂಡರೆ ಬಲಗಡೆಗೆ ಸರಿದು ನಿಲ್ಲಿಸಿ. ಕಾರಿಂದ ಇಳಿಯಬೇಡಿ. ಊರಿನಲ್ಲಿ ಪೊಲೀಸರು ನಿಲ್ಲಿಸಿದರೆ ಇಳಿದು ಹೋಗಿ ಮಾತಾಡುವುದು ರೂಢಿ. ಇಲ್ಲಿ ಅದು ಅಪಾಯದ ಕೆಲಸ. ಕೈ ಎರಡೂ ಸ್ಟೀರಿಂಗ್ ಮೇಲಿರಲಿ, ಗ್ಲಾಸ್ ಇಳಿಸಿ, ಕೇಳಿದಾಗ ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೊಡಿ. ಗ್ಲವ್ ಬಾಕ್ಸ್‌ಗೆ ಕೈ ಹಾಕುವ ಮೊದಲು ತೆಗೆಯುತ್ತಿದ್ದೇನೆ ಎಂದು ಹೇಳಿ.

ಕೊನೆಗೆ ಸಹಿ ಮಾಡಿ ಎನ್ನುತ್ತಾರೆ. ಸಹಿ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಇಂಥ ದಿನದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಎಂಬ ಮಾತು ಕೊಟ್ಟ ಹಾಗೆ, ಅಷ್ಟೇ. ಸಹಿ ಮಾಡಲ್ಲ ಎಂದು ಹಟ ಹಿಡಿದರೆ ಬಂಧಿಸಲೂ ಬಹುದು.

ಹಂತ 2: ಟಿಕೆಟ್ಟನ್ನು ನಿಧಾನವಾಗಿ ಓದಿ

ಮನೆಗೆ ಬಂದ ಮೇಲೆ ಟಿಕೆಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ನಾಲ್ಕು ವಿಷಯ ಹುಡುಕಿ: ಸೈಟೇಷನ್ (ಅಂದರೆ ಟಿಕೆಟ್) ನಂಬರ್, ಯಾವ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೋರ್ಟ್, ಯಾವ ದಿನದೊಳಗೆ ಉತ್ತರ ಕೊಡಬೇಕು, ಯಾವ ಸೆಕ್ಷನ್ ಹಾಕಿದ್ದಾರೆ.

ಕೋರ್ಟ್ ಯಾವುದು ಎನ್ನುವುದರಲ್ಲಿ ತುಂಬಾ ಜನ ಎಡವುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಪ್ರತಿ ಕೌಂಟಿಗೂ ಒಂದು ಸುಪೀರಿಯರ್ ಕೋರ್ಟ್, ಪ್ರತಿ ಕೋರ್ಟಿಗೂ ಅದರದ್ದೇ ವೆಬ್‌ಸೈಟ್. ನೀವು ಎಲ್ಲಿ ವಾಸ ಮಾಡುತ್ತೀರಿ ಎಂಬುದು ಮುಖ್ಯವಲ್ಲ, ಎಲ್ಲಿ ಟಿಕೆಟ್ ಸಿಕ್ಕಿತು ಎಂಬುದು ಮುಖ್ಯ. ಸನಿವೇಲ್‌ನಲ್ಲಿ 101 ಹೈವೇ ಮೇಲೆ ಸಿಕ್ಕರೆ ಸಾಂಟಾ ಕ್ಲಾರಾ ಕೌಂಟಿ. ಫ್ರೀಮಾಂಟ್‌ನಲ್ಲಿ 880ರ ಮೇಲೆ ಸಿಕ್ಕರೆ ಆಲಮೀಡಾ ಕೌಂಟಿ. ಲಾಂಗ್ ವೀಕೆಂಡ್‌ಗೆ ಬೇ ಏರಿಯಾದಿಂದ ಲಾಸ್ ಏಂಜಲೀಸ್‌ಗೆ ಹೊರಟು ಕೋಲಿಂಗಾ ಹತ್ತಿರ ಐ-5ರಲ್ಲಿ ಸಿಕ್ಕಿಬಿದ್ದರೆ ಫ್ರೆಸ್ನೋ ಕೌಂಟಿ. ಹಾಗಂತ ಅಲ್ಲಿಗೆ ಓಡಾಡಬೇಕಾಗಿಲ್ಲ. ಸಾಮಾನ್ಯ ಟಿಕೆಟ್ ಆದರೆ ಎಲ್ಲವನ್ನೂ ಮನೆಯಿಂದಲೇ ಮುಗಿಸಬಹುದು. ಟಿಕೆಟ್ ಮೇಲೆ ಕೋರ್ಟಿಗೆ ಬರುವುದು ಕಡ್ಡಾಯ ಎಂದಿದ್ದರೆ ಮಾತ್ರ ಹೋಗಬೇಕು.

ಸೆಕ್ಷನ್‌ಗಳಲ್ಲಿ ಹೆಚ್ಚಾಗಿ ಕಾಣುವವು ಇವು. 22349 ಮತ್ತು 22350 ಎಂದರೆ ವೇಗ. 22450 ಎಂದರೆ ಸ್ಟಾಪ್ ಸೈನ್. 21453 ಎಂದರೆ ಕೆಂಪು ದೀಪ. 23123.5 ಎಂದರೆ ಫೋನ್ ಕೈಯಲ್ಲಿ ಹಿಡಿದದ್ದು.

ಹಂತ 3: ಈ ಟಿಕೆಟ್ಟಿಗೆ ಟ್ರಾಫಿಕ್ ಸ್ಕೂಲ್ ಬೇಕಾ?

ಇದನ್ನು ಕೇಳಿಕೊಳ್ಳದೇ ಮುಂದೆ ಹೋಗಬೇಡಿ. ಪಾಯಿಂಟ್ ಇಲ್ಲದ ಟಿಕೆಟ್ಟಿಗೆ ಟ್ರಾಫಿಕ್ ಸ್ಕೂಲ್ ಮಾಡುವ ಅರ್ಥವೇ ಇಲ್ಲ. ಪಾರ್ಕಿಂಗ್ ಟಿಕೆಟ್ಟಿಗೆ ಪಾಯಿಂಟ್ ಇಲ್ಲ. ದೊಡ್ಡವರು ಸೀಟ್ ಬೆಲ್ಟ್ ಹಾಕಿಕೊಳ್ಳದಿದ್ದರೆ ದಂಡ ಇದೆ, ಪಾಯಿಂಟ್ ಇಲ್ಲ. ಆದರೆ ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸದಿದ್ದರೆ ಪಾಯಿಂಟ್ ಇದೆ. ಲೈಟ್ ಕೆಟ್ಟಿದೆ, ರಿಜಿಸ್ಟ್ರೇಷನ್ ಮುಗಿದಿದೆ ಎಂಬಂಥ ಟಿಕೆಟ್ಟಿಗೆ ಸಾಮಾನ್ಯವಾಗಿ ಸರಿಪಡಿಸಿ, ತೋರಿಸಿ, ಅಧಿಕಾರಿಯಿಂದ ಸಹಿ ಹಾಕಿಸಿಕೊಂಡು, ಸಣ್ಣ ಶುಲ್ಕ ಕಟ್ಟಿದರೆ ಮುಗಿಯಿತು.

ಫೋನ್ ಟಿಕೆಟ್ಟಿನ ಕಥೆ ಬೇರೆ. ಮೊದಲ ಸಲ ಪಾಯಿಂಟ್ ಇಲ್ಲ. 2021ರ ಜುಲೈ 1ರಿಂದ, 36 ತಿಂಗಳೊಳಗೆ ಎರಡನೇ ಸಲ ಸಿಕ್ಕಿಬಿದ್ದರೆ ಪಾಯಿಂಟ್ ಬೀಳುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2025ರಿಂದ ಸ್ಪೀಡ್ ಕ್ಯಾಮೆರಾಗಳು ಬಂದಿವೆ. ಅವುಗಳ ನೋಟೀಸ್ ಕಾರಿನ ಮಾಲೀಕರ ಹೆಸರಿಗೆ ಅಂಚೆಯಲ್ಲಿ ಬರುತ್ತದೆ. ಮಿತಿಗಿಂತ 11 ಮೈಲಿ ಜಾಸ್ತಿ ಹೋದರೆ 50 ಡಾಲರ್‌ನಿಂದ ಶುರು. ಇದಕ್ಕೂ ಪಾಯಿಂಟ್ ಇಲ್ಲ, ಡಿಎಂವಿಗೆ ಹೋಗುವುದಿಲ್ಲ. ಹೆದರಿ ಟ್ರಾಫಿಕ್ ಸ್ಕೂಲ್ ಹುಡುಕಬೇಡಿ.

ಹಂತ 4: ನಿಮಗೆ ಅರ್ಹತೆ ಇದೆಯಾ?

ಪಾಯಿಂಟ್ ಇರುವ ಟಿಕೆಟ್ ಎಂದು ಗೊತ್ತಾಯಿತು. ಈಗ ಅರ್ಹತೆ. ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಓಡಿಸುತ್ತಿದ್ದದ್ದು ಸಾಮಾನ್ಯ ಗಾಡಿ ಆಗಿರಬೇಕು, ವಾಣಿಜ್ಯ ಲೈಸೆನ್ಸ್ ಬೇಕಾಗುವ ಲಾರಿ, ಬಸ್ ಅಲ್ಲ. ಕುಡಿತ, ಮಾದಕ ವಸ್ತು ಇವುಗಳಿಗೆ ಸಂಬಂಧಿಸಿದ ಕೇಸ್ ಆಗಿರಬಾರದು. ಎರಡು ಪಾಯಿಂಟಿನ ದೊಡ್ಡ ತಪ್ಪುಗಳಿಗೆ ಈ ದಾರಿಯೇ ಇಲ್ಲ.

ವೇಗದ ಟಿಕೆಟ್ ಆದರೆ ಒಂದು ಗೆರೆ ನೆನಪಿಡಿ: ಮಿತಿಗಿಂತ 25 ಮೈಲಿ. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಕೋರ್ಟಿನ ಗುಮಾಸ್ತರಿಗೆ ಟ್ರಾಫಿಕ್ ಸ್ಕೂಲ್ ಕೊಡುವ ಅಧಿಕಾರ ಇಲ್ಲ, ಆನ್‌ಲೈನ್‌ನಲ್ಲಿ ಆ ಆಯ್ಕೆಯೇ ಬರುವುದಿಲ್ಲ. ಜಡ್ಜ್ ಮುಂದೆ ಹೋಗಿ ಕೇಳಬೇಕು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಐ-5ರ ಆ ನೇರ ಉದ್ದದ ರಸ್ತೆಯಲ್ಲಿ ಮಿತಿ 70. ಅಕ್ಕಪಕ್ಕದ ಎಲ್ಲರೂ 85ರಲ್ಲಿ ಹೋಗುತ್ತಿರುತ್ತಾರೆ, ಮಕ್ಕಳು ಹಿಂದೆ ಮಲಗಿರುತ್ತಾರೆ, ಕಾಲು ತಾನಾಗಿ ಒತ್ತುತ್ತದೆ. 95ರವರೆಗೆ ಸಿಕ್ಕರೆ ಮನೆಯಲ್ಲೇ ಕೂತು ಟ್ರಾಫಿಕ್ ಸ್ಕೂಲ್ ಕೇಳಬಹುದು. 96 ಆದರೆ ಜಡ್ಜ್. 100 ದಾಟಿದರೆ ಎರಡು ಪಾಯಿಂಟ್, ಜೊತೆಗೆ ಲೈಸೆನ್ಸ್‌ಗೇ ಕುತ್ತು. ಅಲ್ಲಿ ಹೈವೇ ಪ್ಯಾಟ್ರೋಲ್‌ನವರು ವಿಮಾನದಿಂದಲೂ ವೇಗ ಅಳೆಯುತ್ತಾರೆ, ಬೋರ್ಡ್ ನೋಡಿಯೇ ಇರುತ್ತೀರಿ. ಕನ್ನಡಿಯಲ್ಲಿ ಪೊಲೀಸ್ ಕಾರು ಕಾಣುತ್ತಿಲ್ಲ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಇನ್ನು 18 ತಿಂಗಳ ನಿಯಮ. ಹಿಂದಿನ ಟಿಕೆಟ್ಟಿಗೆ ಟ್ರಾಫಿಕ್ ಸ್ಕೂಲ್ ಮಾಡಿದ್ದರೆ, ಅಲ್ಲಿಂದ 18 ತಿಂಗಳೊಳಗೆ ಮತ್ತೆ ಸಿಗುವುದಿಲ್ಲ. ಲೆಕ್ಕ ಹಾಕುವುದು ತಪ್ಪು ನಡೆದ ದಿನದಿಂದ ತಪ್ಪು ನಡೆದ ದಿನಕ್ಕೆ. ಕೋರ್ಸ್ ಮುಗಿಸಿದ ದಿನದಿಂದ ಅಲ್ಲ, ದಂಡ ಕಟ್ಟಿದ ದಿನದಿಂದಲೂ ಅಲ್ಲ. ಉದಾಹರಣೆಗೆ, ಮೊದಲ ಟಿಕೆಟ್ 2024ರ ಮಾರ್ಚ್ 10ರಂದು ಸಿಕ್ಕಿತು, ನೀವು ಕೋರ್ಸ್ ಮುಗಿಸಿದ್ದು ಆಗಸ್ಟ್‌ನಲ್ಲಿ ಅಂದುಕೊಳ್ಳಿ. ಎರಡನೇ ಟಿಕೆಟ್ 2025ರ ಆಗಸ್ಟ್ 20ಕ್ಕೆ ಸಿಕ್ಕರೆ ಅರ್ಹತೆ ಇಲ್ಲ. ಅದೇ ಅಕ್ಟೋಬರ್‌ನಲ್ಲಿ ಸಿಕ್ಕರೆ ಇದೆ. ಆಗಸ್ಟ್‌ನಿಂದ ಎಣಿಸಿ ನನಗೆ ಸಿಗಲ್ಲ ಎಂದು ಸುಮ್ಮನಾದವರೂ ಇದ್ದಾರೆ, ಪಾಪ.

ಒಂದೇ ಟಿಕೆಟ್ಟಿನಲ್ಲಿ ಎರಡು ತಪ್ಪು ಬರೆದಿದ್ದರೆ, ವೇಗ ಒಂದು, ಸ್ಟಾಪ್ ಸೈನ್ ಇನ್ನೊಂದು, ಟ್ರಾಫಿಕ್ ಸ್ಕೂಲ್ ಮುಚ್ಚುವುದು ಒಂದನ್ನು ಮಾತ್ರ.

ಹಂತ 5: ಕೋರ್ಟ್ ನೋಟೀಸ್

ಕೆಲವು ವಾರದಲ್ಲಿ ಕೋರ್ಟಿನಿಂದ ಮನೆಗೆ ಒಂದು ಕಾಗದ ಬರುತ್ತದೆ. ಎಷ್ಟು ದಂಡ, ಟ್ರಾಫಿಕ್ ಸ್ಕೂಲ್ ಸಿಗುತ್ತದಾ, ಸಿಕ್ಕರೆ ಒಟ್ಟು ಎಷ್ಟು ಎಂದು ಅದರಲ್ಲಿರುತ್ತದೆ. ಬೇಲ್ ಎಂಬ ಪದ ಕಂಡು ಗಾಬರಿ ಆಗಬೇಡಿ, ಇಲ್ಲಿ ಅದು ದಂಡದ ಮೊತ್ತ.

ಕಾಗದ ಬರಲಿಲ್ಲ ಎಂದು ಸುಮ್ಮನಿರುವ ಹಾಗಿಲ್ಲ. ಕಾಗದ ಬಾರದಿದ್ದರೂ ಟಿಕೆಟ್ಟಿನಲ್ಲಿರುವ ತಾರೀಖೇ ಕೊನೆ. ಬಾಡಿಗೆ ಮನೆ ಬದಲಿಸುತ್ತಾ ಇರುವವರು ಇದನ್ನು ಗಮನಿಸಬೇಕು. ಮನೆ ಬದಲಿಸಿದ 10 ದಿನದೊಳಗೆ ಡಿಎಂವಿಗೆ ಹೊಸ ವಿಳಾಸ ತಿಳಿಸಬೇಕು ಎಂಬ ಕಾನೂನು ಇದೆ, ಆದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಟಿಕೆಟ್ ಹಳೆಯ ಅಪಾರ್ಟ್‌ಮೆಂಟಿನ ವಿಳಾಸಕ್ಕೆ ಬರೆದಿರುತ್ತಾರೆ, ನೋಟೀಸ್ ಅಲ್ಲಿಗೇ ಹೋಗುತ್ತದೆ. ಎರಡು ಮೂರು ವಾರ ಆದ ಮೇಲೆ ಕೋರ್ಟಿನ ವೆಬ್‌ಸೈಟ್‌ಗೆ ನೀವೇ ಹೋಗಿ ಸೈಟೇಷನ್ ನಂಬರ್ ಹಾಕಿ ಹುಡುಕಿ.

ವೆಬ್‌ಸೈಟ್ ವಿಳಾಸವನ್ನು ಟಿಕೆಟ್ಟಿನಿಂದಲೋ ನೋಟೀಸಿನಿಂದಲೋ ನೋಡಿ ಟೈಪ್ ಮಾಡಿ. ದಂಡ ಬಾಕಿ ಇದೆ, ಇಲ್ಲಿ ಒತ್ತಿ ಎಂದು ಫೋನಿಗೆ ಬರುವ ಮೆಸೇಜನ್ನು ನಂಬಬೇಡಿ. ಟೋಲ್ ಬಾಕಿ ಹೆಸರಿನಲ್ಲಿ ಇಂಥ ಮೋಸ ಬಹಳ ನಡೆಯುತ್ತಿದೆ.

ಹಂತ 6: ಟ್ರಾಫಿಕ್ ಸ್ಕೂಲ್ ಆಯ್ಕೆ ಮಾಡಿಯೇ ಹಣ ಕಟ್ಟಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಕೋರ್ಟ್ ಸೈಟಿನಲ್ಲಿ ನಿಮ್ಮ ಕೇಸ್ ತೆರೆದಾಗ ಆಯ್ಕೆಗಳು ಬರುತ್ತವೆ: ಬರೀ ದಂಡ ಕಟ್ಟುವುದು, ಟ್ರಾಫಿಕ್ ಸ್ಕೂಲ್ ಜೊತೆ ಕಟ್ಟುವುದು, ಅವಧಿ ವಿಸ್ತರಿಸುವುದು, ವಿರೋಧಿಸುವುದು. ಮೊದಲಿನದನ್ನು ಒತ್ತಿದರೆ ಕಥೆ ಮುಗಿಯಿತು. ಎರಡನೆಯದನ್ನು ಆರಿಸಿ. ಹಣ ಕಟ್ಟುವ ಮೊದಲು ಕೊನೆಯ ಪುಟದಲ್ಲಿ ಟ್ರಾಫಿಕ್ ಸ್ಕೂಲಿನ ಶುಲ್ಕ ಬೇರೆ ಸಾಲಿನಲ್ಲಿ ಸೇರಿದೆಯಾ ನೋಡಿ. ಆ ಸಾಲು ಇಲ್ಲದಿದ್ದರೆ ಟ್ರಾಫಿಕ್ ಸ್ಕೂಲ್ ಆಯ್ಕೆ ಆಗಿಲ್ಲ ಎಂದೇ ಅರ್ಥ, ಹಿಂದೆ ಹೋಗಿ.

ಮೊತ್ತ ನೋಡಿ ಗಾಬರಿ ಆಗುವುದು ಸಹಜ. ಸ್ಟಾಪ್ ಸೈನ್ ತಪ್ಪಿಗೆ ಕಾನೂನಿನಲ್ಲಿರುವ ಮೂಲ ದಂಡ 35 ಡಾಲರ್. ಅದರ ಮೇಲೆ ರಾಜ್ಯದ್ದು, ಕೌಂಟಿಯದ್ದು, ಕೋರ್ಟ್ ಕಟ್ಟಡದ್ದು ಎಂದು ಒಂದರ ಮೇಲೊಂದು ಸೇರಿ ಸುಮಾರು 238 ಡಾಲರ್ ಆಗುತ್ತದೆ. ಮಿತಿಗಿಂತ 15 ಮೈಲಿವರೆಗೆ ಜಾಸ್ತಿ ಹೋದದ್ದಕ್ಕೂ ಸುಮಾರು ಅಷ್ಟೇ. 16ರಿಂದ 25 ಮೈಲಿ ಆದರೆ ಸುಮಾರು 367. ಕೆಂಪು ದೀಪ ನೇರ ದಾಟಿದರೆ ಸುಮಾರು 490. ಕೌಂಟಿಯಿಂದ ಕೌಂಟಿಗೆ ಸ್ವಲ್ಪ ಹೆಚ್ಚು ಕಡಿಮೆ. ಇದರ ಮೇಲೆ ಟ್ರಾಫಿಕ್ ಸ್ಕೂಲಿಗೆ ಕೋರ್ಟಿನ ಶುಲ್ಕ 50 ಡಾಲರ್ ಚಿಲ್ಲರೆಯಿಂದ ಮೇಲೆ.

ಅಷ್ಟು ಹಣ ಒಟ್ಟಿಗೆ ಹೊಂದಿಸಲು ಆಗದಿದ್ದರೆ ಸುಮ್ಮನೆ ಬಿಟ್ಟುಬಿಡಬೇಡಿ. ಅಸಿಸ್ಟೆಂಟ್‌ಶಿಪ್ ಮೇಲೆ ಬದುಕುವ ವಿದ್ಯಾರ್ಥಿಗಳಿಗೆ, ಕೆಲಸ ಹೋದವರಿಗೆ ಇದು ತಿಳಿದಿರಲಿ. ಕೋರ್ಟ್‌ಗಳು ಮೈಸೈಟೇಷನ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಇಟ್ಟಿವೆ. ಆದಾಯ ಕಮ್ಮಿ ಇದೆ ಎಂದು ತೋರಿಸಿ ದಂಡ ಇಳಿಸಲು, ಕಂತು ಮಾಡಲು, ಹೆಚ್ಚು ಸಮಯ ಕೊಡಲು ಅಲ್ಲೇ ಕೇಳಬಹುದು. ಟ್ರಾಫಿಕ್ ಸ್ಕೂಲ್ ಕೂಡ ಬೇಕಾಗಿದ್ದರೆ ಅದನ್ನು ಹೇಗೆ ಜೋಡಿಸುವುದು ಎಂದು ಆ ಕೌಂಟಿಯ ಕೋರ್ಟಿಗೆ ಫೋನ್ ಮಾಡಿ ಕೇಳಿಕೊಂಡೇ ಅರ್ಜಿ ಹಾಕಿ.

ಹಣ ಕಟ್ಟಿದ ಮೇಲೆ ಕೋರ್ಸ್ ಮುಗಿಸಲು ಒಂದು ಕೊನೆಯ ದಿನ ಕೊಡುತ್ತಾರೆ. ಸಾಮಾನ್ಯವಾಗಿ 60ರಿಂದ 90 ದಿನ. ಆ ತಾರೀಖನ್ನು ಅಲ್ಲೇ ಫೋನಿನ ಕ್ಯಾಲೆಂಡರಿಗೆ ಹಾಕಿ, ಎರಡು ವಾರ ಮೊದಲಿಗೆ ಒಂದು ನೆನಪು ಇಡಿ.

ಹಂತ 7: ಸ್ಕೂಲ್ ಆರಿಸುವುದು

ಕೋರ್ಟ್ ನಿಮಗೆ ಸ್ಕೂಲ್ ಆರಿಸಿಕೊಡುವುದಿಲ್ಲ. ಡಿಎಂವಿ ಲೈಸೆನ್ಸ್ ಪಡೆದ ಸ್ಕೂಲ್‌ಗಳ ಪಟ್ಟಿ ಡಿಎಂವಿ ಸೈಟಿನಲ್ಲಿದೆ. ಅದರಿಂದಲೇ ಆರಿಸಿ. ಹುಡುಕಿದರೆ ಮೊದಲು ಬರುವ ಜಾಹೀರಾತಿನ ಮೇಲೆ ಒತ್ತುವುದಾದರೆ, ಆ ಹೆಸರೂ ಅವರ ಲೈಸೆನ್ಸ್ ನಂಬರೂ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಬೇರೆ ರಾಜ್ಯದ ಕೋರ್ಸ್ ನಡೆಯುವುದಿಲ್ಲ.

ತರಗತಿಗೆ ಹೋಗಿ ಕೂರುವ ಸ್ಕೂಲ್‌ಗಳಿವೆ, ಒಂದಿಡೀ ದಿನ ಬೇಕು. ಹೆಚ್ಚಿನವರು ಆನ್‌ಲೈನ್ ಮಾಡುತ್ತಾರೆ. ಪಾಠ ಎಲ್ಲ ಕಡೆ ಹೆಚ್ಚು ಕಮ್ಮಿ ಅದೇ, ಹಾಗಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ಕಮ್ಮಿ ಬೆಲೆ ತೋರಿಸಿ ಕೊನೆಯಲ್ಲಿ ಆಡಿಯೋಗೆ ಇಷ್ಟು, ಬೇಗ ಕಳಿಸಲು ಇಷ್ಟು, ಕಾಗದದ ಸರ್ಟಿಫಿಕೇಟಿಗೆ ಇಷ್ಟು ಎಂದು ಸೇರಿಸುವವರಿದ್ದಾರೆ. ಕೋರ್ಸ್ ಮುಗಿದ ವಿಷಯವನ್ನು ಸ್ಕೂಲಿನವರೇ ಕಂಪ್ಯೂಟರ್ ಮೂಲಕ ಡಿಎಂವಿಗೆ ಕಳಿಸಬೇಕು. ಕಾಗದದ ಸರ್ಟಿಫಿಕೇಟ್ ಅಂಚೆಯಲ್ಲಿ ತರಿಸಿಕೊಳ್ಳಲು ನೀವು ದುಡ್ಡು ಕೊಡಬೇಕಾಗಿಲ್ಲ.

ಹೆಸರು ನೋಂದಾಯಿಸುವಾಗ ಲೈಸೆನ್ಸ್ ನಂಬರ್, ಹುಟ್ಟಿದ ದಿನ, ಸೈಟೇಷನ್ ಅಥವಾ ಕೇಸ್ ನಂಬರ್, ಕೌಂಟಿ, ಎಲ್ಲವನ್ನೂ ಕೋರ್ಟ್ ಕಾಗದದಲ್ಲಿ ಇರುವ ಹಾಗೆಯೇ ಹಾಕಿ. ನಮ್ಮ ಹೆಸರುಗಳಲ್ಲಿ ಇದು ನಿಜವಾದ ಸಮಸ್ಯೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯಲ್ಲಿ ಸೇರಿರುತ್ತದೆ, ಲೈಸೆನ್ಸ್‌ನಲ್ಲಿ ಹಿಂದು ಮುಂದಾಗಿರುತ್ತದೆ, ಪೊಲೀಸ್ ಟಿಕೆಟ್ಟಿನಲ್ಲಿ ಇನ್ನೊಂದು ಥರ ಬರೆದಿರುತ್ತಾರೆ. ಲೈಸೆನ್ಸ್‌ನಲ್ಲಿ ಇರುವುದನ್ನೇ ಬಳಸಿ. ನಂಬರ್‌ಗಳನ್ನು ಇನ್ನೊಂದು ಸಲ ನೋಡಿ. ಒಂದು ಅಂಕಿ ತಪ್ಪಿದರೆ ಕೋರ್ಸ್ ಮುಗಿಸಿಯೂ ಅದು ನಿಮ್ಮ ಕೇಸಿಗೆ ಸೇರದೇ ಉಳಿಯಬಹುದು.

ಹಂತ 8: ಕೋರ್ಸ್ ಮತ್ತು ಪರೀಕ್ಷೆ

ಕೆಲವು ಗಂಟೆಯ ಓದು. ಒಂದೇ ಸಲ ಮುಗಿಸಬೇಕಾಗಿಲ್ಲ, ಬಿಟ್ಟು ಬಂದು ಮುಂದುವರಿಸಬಹುದು. ಅಧ್ಯಾಯ ಮುಗಿದಾಗ ಸಣ್ಣ ಪ್ರಶ್ನೆಗಳು, ಕೊನೆಯಲ್ಲಿ ಒಂದು ಪರೀಕ್ಷೆ. ಪಾಸಾಗಲು ಶೇಕಡಾ 70 ಬೇಕು. ಬೇರೆಯವರ ಕೈಲಿ ಮಾಡಿಸಬೇಡಿ. ನಡುವೆ ಗುರುತು ಖಚಿತ ಮಾಡಿಕೊಳ್ಳಲು ಪ್ರಶ್ನೆ ಕೇಳಬಹುದು, ಮತ್ತೆ ನೀವೇ ಮಾಡಿದ್ದೀರಿ ಎಂದು ಪ್ರಮಾಣ ಮಾಡಬೇಕಾಗುತ್ತದೆ.

ಸುಮ್ನೆ ಸ್ಕ್ರೋಲ್ ಮಾಡಿ ಮುಗಿಸೋಣ ಅನ್ನಿಸುತ್ತದೆ. ಆದರೆ ಓದಿ. ಊರಿನಲ್ಲಿ ಹತ್ತು ವರ್ಷ ಓಡಿಸಿ ಬಂದವರಿಗೆ ಇಲ್ಲಿ ಕಲಿಯಲು ಇರುವುದು ಗೇರ್, ಬ್ರೇಕ್ ಅಲ್ಲ. ಸ್ಟಾಪ್ ಸೈನ್‌ನಲ್ಲಿ ನಿಧಾನ ಮಾಡುವುದಲ್ಲ, ಚಕ್ರ ಪೂರ್ತಿ ನಿಲ್ಲಬೇಕು, ಬಿಳಿ ಗೆರೆಯ ಹಿಂದೆ. ಕೆಂಪು ದೀಪಕ್ಕೆ ಬಲಕ್ಕೆ ತಿರುಗುವಾಗಲೂ ಹಾಗೆಯೇ. ಹಳದಿ ಸ್ಕೂಲ್ ಬಸ್ಸಿನ ಕೆಂಪು ದೀಪ ಮಿನುಗುತ್ತಿದ್ದರೆ ಎದುರಿನಿಂದ ಬರುತ್ತಿರುವ ನೀವೂ ನಿಲ್ಲಬೇಕು. ನಡುವೆ ಡಿವೈಡರ್ ಇದ್ದರೆ, ಅಥವಾ ಎರಡೂ ಕಡೆ ಎರಡೆರಡು ಲೇನ್ ಇದ್ದರೆ ಮಾತ್ರ ಎದುರಿನವರಿಗೆ ವಿನಾಯಿತಿ. ಮಿತಿ 65 ಇದ್ದರೂ ಮಂಜು, ಮಳೆ ಇದ್ದಾಗ 65ರಲ್ಲಿ ಹೋದರೆ ಟಿಕೆಟ್ ಕೊಡಬಹುದು. ಆ ದಿನದ ರಸ್ತೆಗೆ ಸುರಕ್ಷಿತವಾದ ವೇಗವೇ ಮಿತಿ ಎಂದು 22350ನೇ ಸೆಕ್ಷನ್ ಹೇಳುತ್ತದೆ. ಸೆಂಟ್ರಲ್ ವ್ಯಾಲಿಯಲ್ಲಿ ಚಳಿಗಾಲದ ದಟ್ಟ ಮಂಜು ನೋಡಿದವರಿಗೆ ಇದು ಯಾಕೆ ಎಂದು ಗೊತ್ತಾಗುತ್ತದೆ.

ಕೊನೆಯ ದಿನದ ರಾತ್ರಿಗೆ ಇಟ್ಟುಕೊಳ್ಳಬೇಡಿ. ಸ್ಕೂಲಿನಿಂದ ಡಿಎಂವಿಗೆ, ಅಲ್ಲಿಂದ ಕೋರ್ಟಿಗೆ ಸುದ್ದಿ ಹೋಗಲು ಸಮಯ ಬೇಕು. ಕನಿಷ್ಠ ಎರಡು ವಾರ ಮೊದಲು ಮುಗಿಸಿ. ತಾರೀಖು ತಪ್ಪಿದರೆ ಕೋರ್ಟಿಗೆ ಕಟ್ಟಿದ ಟ್ರಾಫಿಕ್ ಸ್ಕೂಲ್ ಶುಲ್ಕ ವಾಪಸ್ ಬರುವುದಿಲ್ಲ, ಪಾಯಿಂಟೂ ಬೀಳುತ್ತದೆ. ಊರಿಗೆ ಹೋಗುವುದಿದೆ, ಹೆರಿಗೆ ಇದೆ, ಹುಷಾರಿಲ್ಲ ಎಂದಾದರೆ ಅವಧಿ ಮುಗಿಯುವ ಮೊದಲೇ ಕೋರ್ಟಿಗೆ ಕೇಳಿ. ಹಲವು ಕೋರ್ಟ್‌ಗಳು ಒಂದು ಸಲ ವಿಸ್ತರಿಸುತ್ತವೆ. ಇಂಟರ್ನೆಟ್ ಇದ್ದರೆ ಮೈಸೂರಿನ ಮನೆಯಲ್ಲಿ ಕೂತೂ ಆನ್‌ಲೈನ್ ಕೋರ್ಸ್ ಮುಗಿಸಬಹುದು, ಆದರೆ ಆ ಸೈಟ್ ಅಲ್ಲಿ ತೆರೆಯುತ್ತದಾ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಹಂತ 9: ಕೆಲಸ ಆಗಿದೆಯಾ ಎಂದು ಖಚಿತ ಮಾಡಿಕೊಳ್ಳಿ

ಸ್ಕೂಲಿನವರು ಅಭಿನಂದನೆ ಎಂದು ಇಮೇಲ್ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಎರಡು ಮೂರು ವಾರ ಬಿಟ್ಟು ಕೋರ್ಟಿನ ಸೈಟಿನಲ್ಲಿ ಕೇಸ್ ಮುಚ್ಚಿದೆಯಾ ನೋಡಿ. ಆಮೇಲೆ ಡಿಎಂವಿ ಸೈಟಿನಲ್ಲಿ 2 ಡಾಲರ್ ಕಟ್ಟಿ ನಿಮ್ಮ ಡ್ರೈವಿಂಗ್ ರೆಕಾರ್ಡ್ ಡೌನ್‌ಲೋಡ್ ಮಾಡಿ. ಪಾಯಿಂಟ್ ಕಾಣುತ್ತಿದ್ದರೆ ಸ್ಕೂಲಿಗೆ ಮೊದಲು ಫೋನ್ ಮಾಡಿ ಕಳಿಸಿದ ದಿನ ಕೇಳಿ, ನಂತರ ಕೋರ್ಟಿಗೆ. ರಸೀದಿ, ಮುಗಿಸಿದ ಇಮೇಲ್, ಕೋರ್ಟ್ ಕಾಗದ ಎಲ್ಲ ಒಂದೇ ಫೋಲ್ಡರಿನಲ್ಲಿದ್ದರೆ ಇದು ಹತ್ತು ನಿಮಿಷದ ಮಾತು. ಇನ್ಶೂರೆನ್ಸ್ ನವೀಕರಣಕ್ಕೆ ಮುಂಚೆಯೇ ಈ ಪರಿಶೀಲನೆ ಮುಗಿಸಿ.

ಟಿಕೆಟ್ಟನ್ನೇ ವಿರೋಧಿಸಬೇಕಾ?

ತಪ್ಪು ಮಾಡಿಲ್ಲ ಎಂದು ನಿಮಗೆ ಖಚಿತ ಇದ್ದರೆ ವಿರೋಧಿಸಿ, ಹೆದರಬೇಡಿ. ಕೋರ್ಟಿಗೆ ಹೋಗದೇ ಕಾಗದದಲ್ಲೇ ವಾದ ಮಾಡುವ ದಾರಿ ಇಲ್ಲಿದೆ. ಟಿಆರ್-205 ಎಂಬ ಫಾರ್ಮ್ ತುಂಬಿ, ಏನು ನಡೆಯಿತು ಎಂದು ಬರೆದು, ಫೋಟೋ ಸೇರಿಸಿ, ದಂಡದ ಮೊತ್ತವನ್ನು ಮುಂಗಡ ಕಟ್ಟಿ ಕಳಿಸಬೇಕು. ಪೊಲೀಸ್ ಅಧಿಕಾರಿಯೂ ಬರೆದು ಕಳಿಸಬೇಕು. ಗೆದ್ದರೆ ಹಣ ವಾಪಸ್. ಸೋತರೆ 20 ದಿನದೊಳಗೆ ಟಿಆರ್-220 ಕೊಟ್ಟು ಹೊಸದಾಗಿ ವಿಚಾರಣೆ ಕೇಳಬಹುದು. ಬರೆಯುವಾಗಲೇ, ಒಂದು ವೇಳೆ ತಪ್ಪಿತಸ್ಥ ಎಂದು ತೀರ್ಮಾನವಾದರೆ ಟ್ರಾಫಿಕ್ ಸ್ಕೂಲ್ ಕೊಡಿ ಎಂದು ಒಂದು ಸಾಲು ಸೇರಿಸಿ. ವಿರೋಧಿಸಿದ್ದಕ್ಕೆ ಮಾತ್ರ ನಿಮ್ಮ ಮನವಿಯನ್ನು ನೋಡದೇ ತಳ್ಳಿಹಾಕುವ ಹಾಗಿಲ್ಲ, ಆದರೆ ಕೊಡಲೇಬೇಕು ಎಂದೂ ಇಲ್ಲ.

ತಪ್ಪು ಮಾಡಿದ್ದು ನಿಮಗೇ ಗೊತ್ತಿದ್ದರೆ, 18 ತಿಂಗಳ ಅವಕಾಶ ಕೈಯಲ್ಲಿದ್ದರೆ, ಟ್ರಾಫಿಕ್ ಸ್ಕೂಲೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಬೇರೆ ಸಂದರ್ಭಗಳು

ವಾಣಿಜ್ಯ ಲೈಸೆನ್ಸ್ ಇರುವವರು ತಮ್ಮ ಸ್ವಂತ ಕಾರಿನಲ್ಲಿ ಸಿಕ್ಕಿಬಿದ್ದರೆ ಟ್ರಾಫಿಕ್ ಸ್ಕೂಲ್ ಮಾಡಬಹುದು, ಪಾಯಿಂಟ್ ಬೀಳುವುದಿಲ್ಲ. ಆದರೆ ತಪ್ಪು ಗುಟ್ಟಾಗಿ ಉಳಿಯುವುದಿಲ್ಲ, ರೆಕಾರ್ಡಿನಲ್ಲಿ ಕಾಣುತ್ತದೆ.

ಕೋರ್ಟನ್ನು ಕೇಳದೇ ನೀವಾಗಿಯೇ ಕೋರ್ಸ್ ಮಾಡಿದರೆ ಹಳೆಯ ಪಾಯಿಂಟ್ ಹೋಗುವುದಿಲ್ಲ. ಇಲ್ಲೇ ನೆಲೆಸಿರುವ, 55 ದಾಟಿದ ಅಪ್ಪ ಅಮ್ಮ ಕಾರು ಓಡಿಸುತ್ತಿದ್ದರೆ ಅವರಿಗಾಗಿ ಬೇರೆ ಕೋರ್ಸ್ ಇದೆ. ಅದು ಇನ್ಶೂರೆನ್ಸ್ ರಿಯಾಯಿತಿಗೆ, ಟಿಕೆಟ್ಟಿಗಲ್ಲ.

ಬೇರೆ ರಾಜ್ಯದಲ್ಲಿರುವ ಕನ್ನಡಿಗರು ಇದನ್ನು ಅಲ್ಲಿಗೆ ಹಾಗೇ ಅನ್ವಯಿಸಬೇಡಿ. ಟೆಕ್ಸಸ್‌ನಲ್ಲಿ ಕೋರ್ಟ್ ಅನುಮತಿ ಪಡೆದು ಡ್ರೈವಿಂಗ್ ಸೇಫ್ಟಿ ಕೋರ್ಸ್ ಮುಗಿಸಿದರೆ ಟಿಕೆಟ್ಟೇ ವಜಾ ಆಗುತ್ತದೆ, 12 ತಿಂಗಳಿಗೆ ಒಂದು ಸಲ. ನ್ಯೂಯಾರ್ಕ್‌ನಲ್ಲಿ ಕೋರ್ಸ್ ಮಾಡಿದರೆ ಲೈಸೆನ್ಸ್ ಅಮಾನತಿನ ಲೆಕ್ಕದಲ್ಲಿ 4 ಪಾಯಿಂಟ್‌ವರೆಗೆ ಕಳೆಯುತ್ತಾರೆ, ಮೂರು ವರ್ಷ ಇನ್ಶೂರೆನ್ಸ್‌ನಲ್ಲಿ ಶೇಕಡಾ 10 ರಿಯಾಯಿತಿಯೂ ಸಿಗುತ್ತದೆ, ಆದರೆ ಟಿಕೆಟ್ ರೆಕಾರ್ಡಿನಲ್ಲಿ ಹಾಗೇ ಇರುತ್ತದೆ. ಬೇರೆ ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ಕ್ಯಾಲಿಫೋರ್ನಿಯಾಗೆ ಬಂದು ಸಿಕ್ಕಿಬಿದ್ದವರು ಇಲ್ಲಿನ ಕೋರ್ಟನ್ನೂ ತಮ್ಮ ರಾಜ್ಯದ ಇಲಾಖೆಯನ್ನೂ ಎರಡನ್ನೂ ಕೇಳಬೇಕು.

ವೀಸಾ, ಗ್ರೀನ್ ಕಾರ್ಡ್, ಪೌರತ್ವದ ದಾರಿಯಲ್ಲಿರುವವರು ಇದನ್ನು ಗಮನವಿಟ್ಟು ಓದಿ. ಡಿಎಂವಿ ಗುಟ್ಟಾಗಿ ಇಡುವುದು ಡ್ರೈವಿಂಗ್ ರೆಕಾರ್ಡಿನಲ್ಲಿ ಮಾತ್ರ. ಪೌರತ್ವದ ಎನ್-400 ಅರ್ಜಿ ಯಾವತ್ತಾದರೂ ಬಂಧನ ಆಗಿದೆಯಾ, ಸೈಟೇಷನ್ ಸಿಕ್ಕಿದೆಯಾ ಎಂದು ಕೇಳುತ್ತದೆ. ಟ್ರಾಫಿಕ್ ಸ್ಕೂಲ್ ಮಾಡಿದ್ದೇನೆ, ಹಾಗಾಗಿ ಇಲ್ಲ ಎಂದು ಬರೆಯುವುದು ತಪ್ಪು. ಒಂದು ಸಾಮಾನ್ಯ ವೇಗದ ಟಿಕೆಟ್ಟಿನಿಂದ ತೊಂದರೆ ಆಗುವುದು ಅಪರೂಪ, ಮುಚ್ಚಿಟ್ಟರೆ ತೊಂದರೆ ದೊಡ್ಡದು. ಅರ್ಜಿ ತುಂಬುವ ಮೊದಲು ವಕೀಲರಿಗೆ ತೋರಿಸಿ. ಕೇಸ್ ಮುಗಿದ ಕೂಡಲೇ ಕೋರ್ಟಿನಿಂದ ಅದರ ತೀರ್ಮಾನದ ಪ್ರತಿ ಪಡೆದು ಇಟ್ಟುಕೊಳ್ಳಿ. ಹತ್ತು ವರ್ಷ ಆದ ಮೇಲೆ ಹಳೆಯ ಕೌಂಟಿಯ ಕೋರ್ಟಿನಲ್ಲಿ ಅದನ್ನು ಹುಡುಕಿಸುವುದಕ್ಕಿಂತ ಈಗ ಪಡೆಯುವುದು ಎಷ್ಟೋ ಸುಲಭ.